ಎರಡು ವರ್ಷ ಯಾರೂ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ

ರೈಲು ಬೆಂಗಳೂರು ಈಸ್ಟ್ ಸ್ಟೇಷನ್ ದಾಟುವಾಗ ನಾನು ಕಿಟಕಿಯ ಸರಳಿಗೆ ಮುಖ ಒತ್ತಿಕೊಂಡು ಕೂತಿದ್ದೆ. ಅಲ್ಲಿಂದ ನಮ್ಮ ಮನೆಗೆ ನಡೆದರೆ ಹತ್ತೇ ನಿಮಿಷ. ಹಿಂದಿನ ರಾತ್ರಿ ಮಲಗಿದ್ದೂ ಇದೇ ಊರಿನಲ್ಲಿ, ಮಿಷನ್‌ನವರ ಜಾಗದಲ್ಲಿ. ಆದರೂ ಮನೆಗೆ ಹೋಗುವ ಹಾಗಿರಲಿಲ್ಲ. ಮನಿಲಾದಿಂದ ಸುಖವಾಗಿ ಬಂದು ಇಳಿದೆ ಅಂತ ಅಮ್ಮನಿಗೆ ಒಂದು ಈಮೇಲ್ ಹಾಕಿದ್ದೆ, ಅಷ್ಟೇ. ಹಳಿಯ ಪಕ್ಕದ ರಸ್ತೆಯಲ್ಲಿ ನಮ್ಮ ಏರಿಯಾದ ಹಾಲಿನವನ ಗಾಡಿ ಕಂಡ ಹಾಗಾಯಿತು. ಅವನೇ ಇರಬೇಕು, ಅಥವಾ ಬೇರೆ ಯಾರೋ. ಅಷ್ಟರಲ್ಲಿ ರೈಲು ಬೈಯಪ್ಪನಹಳ್ಳಿ ದಾಟಿತ್ತು.

ಅದು 2017. ನನಗೆ ಹತ್ತೊಂಬತ್ತು ವರ್ಷ. ಹೋಗುತ್ತಿದ್ದದ್ದು ಶೇಷಾದ್ರಿ ಎಕ್ಸ್‌ಪ್ರೆಸ್‌ನಲ್ಲಿ ಆಂಧ್ರದ ರಾಜಮಂಡ್ರಿಗೆ, ನಮ್ಮ ಚರ್ಚಿನ ಮಿಷನರಿಯಾಗಿ.

ನಮ್ಮ ಚರ್ಚಿನ ಪೂರ್ತಿ ಹೆಸರು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಇದನ್ನು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮಾರ್ಮನ್ ಅಂದರೆ ಕೆಲವರು "ಓ, ಆ ಬಿಳಿ ಶರ್ಟು, ಟೈ ಹುಡುಗರು" ಅನ್ನುತ್ತಾರೆ. ಆ ಹುಡುಗರಲ್ಲಿ ನಾನೂ ಒಬ್ಬನಾಗಿದ್ದೆ. ಹುಡುಗರು ಹದಿನೆಂಟು ತುಂಬಿದ ಮೇಲೆ ಎರಡು ವರ್ಷ ಮಿಷನ್‌ಗೆ, ಅಂದರೆ ನಮ್ಮ ನಂಬಿಕೆಯನ್ನು ಜನರಿಗೆ ಹೇಳುವ ಕೆಲಸಕ್ಕೆ, ಹೋಗುತ್ತಾರೆ. ಆಗ ಹುಡುಗಿಯರಿಗೆ ಹತ್ತೊಂಬತ್ತು ಆಗಿರಬೇಕಿತ್ತು, ಅವರಿಗೆ ಒಂದೂವರೆ ವರ್ಷ. ಎಲ್ಲಿಗೆ ಹೋಗಬೇಕು ಅನ್ನೋದನ್ನು ನಾವು ಆರಿಸುವ ಹಾಗಿಲ್ಲ. ಅರ್ಜಿ ಹಾಕಬೇಕು, ಡಾಕ್ಟರ ಹತ್ತಿರ, ಹಲ್ಲಿನ ಡಾಕ್ಟರ ಹತ್ತಿರ ತಪಾಸಣೆ ಮಾಡಿಸಬೇಕು, ಬಿಷಪ್ ಎದುರು ಕೂತು ಮಾತಾಡಬೇಕು. ಆಮೇಲೆ ಕರೆಪತ್ರ ಬರುತ್ತದೆ. ನನ್ನ ಪತ್ರದಲ್ಲಿ ಬ್ರೆಜಿಲ್ ಇರಬಹುದು, ಘಾನಾ ಇರಬಹುದು ಅಂತ ತಂಗಿ ಕನಸು ಕಾಣುತ್ತಿದ್ದಳು. ಇದ್ದದ್ದು ಇಂಡಿಯಾ ಬೆಂಗಳೂರು ಮಿಷನ್! ಅವಳು ನಕ್ಕೂ ನಕ್ಕು ಸುಸ್ತಾದಳು. ಈ ಮಿಷನ್ ಬೆಂಗಳೂರಿಗಷ್ಟೇ ಅಲ್ಲ, ಆಂಧ್ರ, ತೆಲಂಗಾಣ, ತಮಿಳುನಾಡು ಎಲ್ಲ ಸೇರಿಸಿಕೊಂಡದ್ದು ಅಂತ ಅವಳಿಗೆ ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು.

ಅಜ್ಜಿಗೆ ಇದ್ಯಾವುದೂ ಇಷ್ಟವಿರಲಿಲ್ಲ. ಅವಳು ಇವತ್ತಿಗೂ ಸಿಎಸ್‌ಐ ಚರ್ಚಿನವಳು. ಅಪ್ಪ ಈ ಕಡೆ ಬಂದದ್ದು ನಾನು ಮೂರನೇ ಕ್ಲಾಸಿನಲ್ಲಿದ್ದಾಗ. ಅಜ್ಜಿಯ ತಕರಾರು ಒಂದೇ. "ಕಾಫಿ ಬೇಡ ಅನ್ನೋ ದೇವರನ್ನ ನಾನು ಬೈಬಲ್‌ನಲ್ಲಿ ಎಲ್ಲೂ ನೋಡಿಲ್ಲಪ್ಪ."

ಮೊದಲು ಕೆಲವು ವಾರ ಮನಿಲಾದಲ್ಲಿ ತರಬೇತಿ. ನನ್ನ ಮೊದಲ ಪಾಸ್‌ಪೋರ್ಟ್, ಮೊದಲ ವಿಮಾನ. ತರಬೇತಿ ಕೇಂದ್ರದ ಎದುರಿಗೇ ದೇವಾಲಯ. ನಮ್ಮಲ್ಲಿ ಭಾನುವಾರ ಸೇರುವ ಚರ್ಚು ಬೇರೆ, ದೇವಾಲಯ ಬೇರೆ. ಮದುವೆಯಂಥ ದೊಡ್ಡ ವಿಧಿಗಳು ನಡೆಯುವುದು ದೇವಾಲಯದಲ್ಲಿ. ಭಾರತದಲ್ಲಿ ಆಗ ಒಂದೂ ಇರಲಿಲ್ಲವಾದ್ದರಿಂದ ನಮ್ಮವರು ಸಾಲ ಮಾಡಿಯಾದರೂ ಹೊರದೇಶಕ್ಕೆ ಹೋಗಿ ಬರುತ್ತಿದ್ದರು. ಮನಿಲಾದ ಬಗ್ಗೆ ಹೆಚ್ಚು ಹೇಳಲು ನನ್ನಲ್ಲಿ ಏನೂ ಇಲ್ಲ. ಪಾಠ, ಪ್ರಾರ್ಥನೆ, ಅನ್ನ, ಮಾವಿನಹಣ್ಣು. ಖಾರಕ್ಕಾಗಿ ನಾಲಿಗೆ ಅಳುತ್ತಿತ್ತು.

ಅಲ್ಲಿ ಎದೆಗೆ ಕಪ್ಪು ಬಣ್ಣದ ಪುಟ್ಟ ಬ್ಯಾಡ್ಜ್ ಸಿಕ್ಕಿಸಿದರು. ಬಿಳಿ ಅಕ್ಷರದಲ್ಲಿ 'ಎಲ್ಡರ್' ಅಂತ, ಮುಂದೆ ಅಪ್ಪನ ಹೆಸರು. ಎಲ್ಡರ್ ಅಂದರೆ ಹಿರಿಯ! ಮೀಸೆಯೇ ಸರಿಯಾಗಿ ಬಂದಿರಲಿಲ್ಲ. ಆವತ್ತಿನಿಂದ ಎರಡು ವರ್ಷ ನನ್ನ ಸ್ವಂತ ಹೆಸರಿಗೆ ರಜೆ.

ರಾಜಮಂಡ್ರಿಗೆ ಸರ್ಕಾರ 2015ರಲ್ಲಿ ರಾಜಮಹೇಂದ್ರವರಂ ಅಂತ ಹಳೇ ಹೆಸರು ವಾಪಸ್ ಕೊಟ್ಟಿದೆ. ಆಟೋದವರು ಮಾತ್ರ ರಾಜಮಂಡ್ರಿ ಅಂತಲೇ ಕರೆಯುತ್ತಾರೆ. ನಮಗೆ ಮಹಡಿ ಮೇಲೆ ಎರಡು ರೂಮಿನ ಮನೆ. ಬೆಳಿಗ್ಗೆ ಆರೂವರೆಗೆ ಏಳಬೇಕು. ಅರ್ಧ ಗಂಟೆ ವ್ಯಾಯಾಮ. ಸ್ನಾನ, ತಿಂಡಿ. ಎಂಟಕ್ಕೆ ಒಬ್ಬೊಬ್ಬರೇ ಓದು, ಆಮೇಲೆ ಇಬ್ಬರೂ ಸೇರಿ ಓದು, ಆಮೇಲೆ ತೆಲುಗು ಓದು. ಹನ್ನೊಂದರ ಹೊತ್ತಿಗೆ ಹೊರಗೆ. ಇಷ್ಟು ಓದಿದ್ದರೆ ಪಿಯುಸಿಯಲ್ಲಿ ರ‍್ಯಾಂಕೇ ಬರುತ್ತಿತ್ತು. ರಾತ್ರಿ ಒಂಬತ್ತಕ್ಕೆ ಮನೆ ಸೇರಿ, ನಾಳೆಯ ಪಟ್ಟಿ ಬರೆದು, ಹತ್ತೂವರೆಗೆ ದೀಪ ಆರಿಸಬೇಕು. ಸಿನಿಮಾ ಇಲ್ಲ, ಟಿವಿ ಇಲ್ಲ, ಹುಡುಗಿಯರ ಜೊತೆ ಓಡಾಟವಂತೂ ಇಲ್ಲವೇ ಇಲ್ಲ. ನಮ್ಮ ಹತ್ತಿರ ಇದ್ದದ್ದು ಒಂದು ಬಟನ್ ಫೋನು, ಅದೂ ಇಬ್ಬರಿಗೂ ಸೇರಿ.

ಇಬ್ಬರೂ ಅಂದೆನಲ್ಲ, ಅದೇ ಮುಖ್ಯ. ಮಿಷನರಿ ಒಬ್ಬನೇ ಎಲ್ಲೂ ಹೋಗುವ ಹಾಗಿಲ್ಲ. ಬಚ್ಚಲುಮನೆ ಬಿಟ್ಟರೆ ಉಳಿದ ಎಲ್ಲ ಕಡೆಗೂ ಒಬ್ಬ ಕಂಪ್ಯಾನಿಯನ್ ಜೊತೆಯಲ್ಲಿರಬೇಕು. ಆರು ವಾರಕ್ಕೊಮ್ಮೆ ಟ್ರಾನ್ಸ್‌ಫರ್. ಆಗ ಯಾರಾದರೂ ಬದಲಾಗಬಹುದು, ಬದಲಾಗದೆಯೂ ಇರಬಹುದು. ನನ್ನ ಮೊದಲ ಜೊತೆಗಾರ ಕೊಯಮತ್ತೂರಿನವನು. ಆಂಧ್ರದಲ್ಲಿ ಆಗಲೇ ವರ್ಷ ಕಳೆದಿದ್ದ, ನನಗೆ ಕೆಲಸ ಕಲಿಸುವ ಟ್ರೈನರ್.

ತೆಲುಗು ಸುಲಭ ಅಂದುಕೊಂಡೇ ಹೋಗಿದ್ದೆ. ಲಿಪಿ ನಮ್ಮದರ ಹಾಗೇ ಅಲ್ವಾ? ತಲೆಕಟ್ಟು ಸ್ವಲ್ಪ ಬೇರೆ, ಅಷ್ಟೇ. ಮೊದಲ ದಿನವೇ ಬಸ್ಸಿನ ಬೋರ್ಡು ಓದಿ ಜೊತೆಗಾರನ ಮುಂದೆ ಜಂಬ ಪಟ್ಟೆ. ಓದುವುದು ಬರುತ್ತಿತ್ತು, ಅರ್ಥ ಆಗುತ್ತಿರಲಿಲ್ಲ. ಒಬ್ಬ ಅಮ್ಮ "ಪಾಲು ತಾಗ್ತಾರಾ?" ಅಂದರು. ಪಾಲು ಅಂದರೆ ಆಸ್ತಿ ಪಾಲು ಅಂತ ತಲೆಯಲ್ಲಿ ಕೂತಿದೆ. ಅವರು ಕೇಳಿದ್ದು ಹಾಲು. ಊಟಕ್ಕೆ ಕೂತಾಗ ಇನ್ನೂ ಕಷ್ಟ. ನಾನು "ಸಾಕು, ಸಾಕು" ಅಂತಿದ್ದೆ, ಅವರು ಬಡಿಸುತ್ತಲೇ ಇದ್ದರು. ತೆಲುಗಿನಲ್ಲಿ ಸಾಕು ಅಂದರೆ ನೆಪ. ಸಾಕು ಅನ್ನೋದಕ್ಕೆ ಅವರು 'ಚಾಲು' ಅಂತಾರೆ. ನನ್ನ ಕಿವಿಗೆ ಚಾಲು ಅಂದರೆ ಗಾಡಿ ಚಾಲೂ ಮಾಡು ಅಂತ. ಗೋಂಗೂರ ಪಪ್ಪು ಹಾಕಿದ ಅನ್ನ ಗುಡ್ಡ ಆಗಿತ್ತು. ಜೊತೆಗಾರ ತಲೆ ಬಗ್ಗಿಸಿ ನಗುತ್ತಿದ್ದ, ಬಾಯಿ ಬಿಟ್ಟು ಹೇಳಲಿಲ್ಲ. ಹಾಗೇ ಕಲಿಯಬೇಕಂತೆ.

ಇನ್ನು ಕಾಫಿ, ಟೀ. ನಮ್ಮಲ್ಲಿ ಹೆಂಡ, ಹೊಗೆಸೊಪ್ಪು, ಕಾಫಿ, ಟೀ ನಾಲ್ಕೂ ಇಲ್ಲ. ಅಮೆರಿಕದಲ್ಲಿ ನಮ್ಮ ಚರ್ಚು ಶುರು ಮಾಡಿದ ಜೋಸೆಫ್ ಸ್ಮಿತ್‌ಗೆ 1833ರಲ್ಲಿ ಬಂದ ಬೋಧನೆ ಅಂತ ನಾವು ನಂಬುವ ನಿಯಮ ಅದು. ಬೆಂಗಳೂರಿನಲ್ಲಿ ಇದ್ದಾಗ ಇದೊಂದು ಸಮಸ್ಯೆಯೇ ಆಗಿರಲಿಲ್ಲ. ಗೆಳೆಯರು ಬೈಟು ಕಾಫಿ ಹೇಳಿದರೆ ನಾನು ಬಾದಾಮಿ ಹಾಲು ಹೇಳುತ್ತಿದ್ದೆ, ಅಷ್ಟೇ. ಆಂಧ್ರದಲ್ಲಿ ಅದು ಬೇರೆಯೇ ಆಯಿತು.

ನಾವು ಬಾಗಿಲು ಬಾಗಿಲಿಗೆ ಹೋಗಿ ಬಡಿಯುತ್ತಿರಲಿಲ್ಲ. ಹಾಗೆ ಮಾಡಬಾರದು ಅಂತ ನಮಗೆ ಖಂಡಿತವಾಗಿ ಹೇಳಿದ್ದರು. ಚರ್ಚಿನವರು ಯಾರಾದರೂ ತಮ್ಮ ನೆಂಟರಿಗೋ ಗೆಳೆಯರಿಗೋ ಹೇಳಿ, ಅವರು ಬನ್ನಿ ಅಂದರೆ ಮಾತ್ರ ಹೋಗುವುದು. ಹಾಗೆ ಒಂದು ಸಂಜೆ ಒಬ್ಬ ಮುದುಕಿಯ ಮನೆಗೆ ಹೋದೆವು. ತಗಡಿನ ಮಾಡು, ಒಂದೇ ಕೋಣೆ. ಮಗಳು ಪಕ್ಕದ ಅಂಗಡಿಗೆ ಓಡಿ ಹಾಲು ತಂದು ಟೀ ಮಾಡಿದಳು. ಸ್ಟೀಲ್ ಲೋಟದಲ್ಲಿ ತಂದು ಇಟ್ಟಾಗ ನಾನು ಕಲಿತ ತೆಲುಗಿನಲ್ಲಿ "ವದ್ದಂಡಿ" ಅಂದೆ. ಬೇಡ ಅಂತ. ಮುದುಕಿಯ ಮುಖ ಇಳಿದುಹೋಯಿತು. ಮೆಲ್ಲಗೆ ಕೇಳಿದಳು, "ಮಾ ಇಂಟ್ಲೋ ತಾಗರಾ ಬಾಬು?" ನಮ್ಮ ಮನೆಯಲ್ಲಿ ಕುಡಿಯುವುದಿಲ್ವಾ ಅಂತ.

ಆ 'ನಮ್ಮ ಮನೆಯಲ್ಲಿ' ಅನ್ನೋ ಮಾತು ಏನು ಅಂತ ನಮ್ಮ ದೇಶದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಕೆ ಬದುಕಿಡೀ ಅದೇ ಕಾರಣಕ್ಕೆ ಬೇಡ ಅನ್ನಿಸಿಕೊಂಡವಳು. ನಾನು ಬೆವರಿಬಿಟ್ಟೆ. ನಮ್ಮ ನಿಯಮ, 1833, ಅಮೆರಿಕ ಯಾವುದನ್ನು ಅಲ್ಲಿ ಹೇಳಲಿ? ಜೊತೆಗಾರ ತಟ್ಟನೆ "ಅಮ್ಮಾ, ಮಂಚಿನೀಳ್ಳು ಇಸ್ತಾರಾ?" ಅಂದ. ಕುಡಿಯುವ ನೀರು ಕೊಡ್ತೀರಾ ಅಂತ. ಬಿಂದಿಗೆಯಿಂದ ಬಗ್ಗಿಸಿ ಕೊಟ್ಟ ಚೊಂಬು ನೀರನ್ನು ಪೂರ್ತಿ ಕುಡಿದು, ಇನ್ನೊಂದು ಚೊಂಬು ಕೇಳಿದ. ನನಗೂ ಕುಡಿಯುವಂತೆ ಕಣ್ಣು ಮಾಡಿದ. ಫಿಲ್ಟರ್ ನೀರು ಬಿಟ್ಟು ಬೇರೆ ಕುಡಿಯಬೇಡಿ ಅಂತ ನಮಗೆ ಹೇಳಿದ್ದರು. ಇಬ್ಬರೂ ಅದನ್ನು ಮರೆತೆವು. ಟೀ ಯಾಕೆ ಇಲ್ಲ ಅನ್ನೋದನ್ನು ಆಮೇಲೆ, ಮುದುಕಿ ನಗುತ್ತಾ ಇದ್ದಾಗ, ನಿಧಾನವಾಗಿ ಹೇಳಿದ.

ಅವತ್ತಿನಿಂದ ನಾನು ಯಾರ ಮನೆಗೆ ಹೋದರೂ ಕೂರುವ ಮೊದಲೇ ನೀರು ಕೇಳುತ್ತಿದ್ದೆ. ಇಲ್ಲವೇ 'ಮಜ್ಜಿಗ'. ಪುಣ್ಯಕ್ಕೆ ಆ ಪದ ಎರಡೂ ಭಾಷೆಯಲ್ಲಿ ಹೆಚ್ಚುಕಮ್ಮಿ ಒಂದೇ.

ಹಳ್ಳಿ ಕಡೆಯವರು ನಮ್ಮನ್ನು "ಅಯ್ಯಗಾರು" ಅನ್ನುತ್ತಿದ್ದರು. ಪಾಸ್ಟರ್‌ಗಳನ್ನು ಕರೆಯುವ ಮಾತು ಅದು. ಅರವತ್ತು ದಾಟಿದವರು ಎದ್ದು ನಿಲ್ಲುತ್ತಿದ್ದರು. ಮೈ ಮುದುಡಿಕೊಳ್ಳುವ ಹಾಗಾಗುತ್ತಿತ್ತು. ಇನ್ನು ಕೆಲವರದು ನೇರ ಪ್ರಶ್ನೆ: ತಿಂಗಳಿಗೆ ಎಷ್ಟು ಕೊಡ್ತಾರೆ? ಯಾರೂ ಏನೂ ಕೊಡುವುದಿಲ್ಲ, ನಾವೇ ಕಟ್ಟುತ್ತೇವೆ ಅಂದರೆ ಒಬ್ಬರೂ ನಂಬಲಿಲ್ಲ. ಅಮೆರಿಕದ ಹುಡುಗರ ಮನೆಯವರು ಆಗ ತಿಂಗಳಿಗೆ 400 ಡಾಲರ್ ಕಟ್ಟುತ್ತಿದ್ದರು, 2020ರಲ್ಲಿ ಅದು 500 ಆಯಿತು. ನಮ್ಮಂಥವರು ಆದಷ್ಟು ಕಟ್ಟಿದರೆ ಉಳಿದದ್ದಕ್ಕೆ ಚರ್ಚಿನ ನಿಧಿ. ಅಪ್ಪ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ನನಗೆ ಬೈಕ್ ಕೊಡಿಸಲು ಕೂಡಿಟ್ಟ ದುಡ್ಡು ಇದಕ್ಕೆ ಹೋಯಿತು. "ನಮ್ಮ ಊರಿನ ಜನರ ಧರ್ಮ ಕೆಡಿಸೋಕೆ ನೀನೇ ದುಡ್ಡು ಕೊಟ್ಕೊಂಡು ಬಂದಿದ್ದೀಯಾ?" ಅಂತ ಒಬ್ಬ ಮೇಷ್ಟ್ರು ಕೇಳಿದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ತಿಳಿಯಬೇಕು ಅನ್ನೋ ಹಾಗೆ ಕೇಳಿದರು. ನಾನು ಕೊಟ್ಟ ಉತ್ತರ ನನಗೇ ಹಿಡಿಸಲಿಲ್ಲ. ಆ ರಾತ್ರಿ ಡೈರಿಯಲ್ಲಿ ಆ ಪ್ರಶ್ನೆಯನ್ನು ಮಾತ್ರ ಬರೆದು ಮಲಗಿದೆ.

ಕೊಯಮತ್ತೂರಿನವನು ಟ್ರಾನ್ಸ್‌ಫರ್ ಆಗಿ ಹೋದ. ಬಂದವನು ದೆಹಲಿಯವನು. ಎರಡೇ ದಿನಕ್ಕೆ ಜಗಳ ಶುರು. ಕಾರಣ ಫ್ಯಾನು. ಅವನಿಗೆ ರೆಗ್ಯುಲೇಟರ್ ಐದರಲ್ಲಿ ಇರಬೇಕು. ನನಗೆ ಎರಡಕ್ಕಿಂತ ಜಾಸ್ತಿ ಆದರೆ ಬೆಳಿಗ್ಗೆ ಗಂಟಲು ಕಟ್ಟುತ್ತದೆ. ಅವನು ಮಲಗಿದ ಮೇಲೆ ನಾನು ಎದ್ದು ಕಡಿಮೆ ಮಾಡುತ್ತಿದ್ದೆ. ಸೆಕೆಗೆ ಎಚ್ಚರವಾಗಿ ಅವನು ಎದ್ದು ಜಾಸ್ತಿ ಮಾಡುತ್ತಿದ್ದ. ಬಾಯಿ ಮಾತ್ರ ಇಬ್ಬರದೂ ಮುಚ್ಚಿತ್ತು. ಹಗಲೆಲ್ಲಾ ಜನರಿಗೆ ಪ್ರೀತಿ, ಕ್ಷಮೆ ಅಂತ ಪಾಠ ಹೇಳುವುದು, ರಾತ್ರಿ ರೆಗ್ಯುಲೇಟರ್ ಯುದ್ಧ.

ವಾರಕ್ಕೊಮ್ಮೆ ಇಬ್ಬರೂ ಎದುರೆದುರು ಕೂತು ಮನಸ್ಸಿನಲ್ಲಿ ಇರುವುದನ್ನು ಹೇಳಿಕೊಳ್ಳಬೇಕು ಅಂತ ನಮ್ಮಲ್ಲಿ ಒಂದು ಪದ್ಧತಿ. ಕಂಪ್ಯಾನಿಯನ್‌ಶಿಪ್ ಇನ್ವೆಂಟರಿ ಅಂತ ಹೆಸರು. ಕಿರಾಣಿ ಅಂಗಡಿಯ ಸ್ಟಾಕ್ ಲೆಕ್ಕದ ಹಾಗೆ ಕೇಳಿಸುತ್ತದೆ, ಇರುವುದೂ ಸುಮಾರು ಹಾಗೇ. ನಾವು ಮೂರು ವಾರ "ಏನೂ ಇಲ್ಲ, ಎಲ್ಲ ಚೆನ್ನಾಗಿದೆ" ಅಂತ ಮುಗಿಸಿದ್ದೆವು. ನಾಲ್ಕನೇ ವಾರ ನಾನೇ ಫ್ಯಾನಿನ ಮಾತು ತೆಗೆದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ನೀನು ಅಡುಗೆ ಮಾಡುವಾಗ ನಿನ್ನ ಭಾಷೆಯಲ್ಲಿ ಗೊಣಗುತ್ತೀಯಲ್ಲ, ನನ್ನನ್ನು ಬೈತಿದ್ದೀಯ ಅಂದುಕೊಂಡಿದ್ದೆ" ಅಂದ. ನಾನು ಗೊಣಗುತ್ತಿದ್ದದ್ದು ನಿಜ. ಒಗ್ಗರಣೆಗೆ ಕರಿಬೇವು ಹಾಕಿದೆನೋ ಇಲ್ಲವೋ, ಉಪ್ಪು ಎಷ್ಟು ಹಾಕಿದೆ ಅಂತ ನನಗೆ ನಾನೇ ಹೇಳಿಕೊಳ್ಳುವ ಚಟ, ಅಮ್ಮನಿಂದ ಬಂದದ್ದು. ಆ ಊರಿನಲ್ಲಿ ಕನ್ನಡದಲ್ಲಿ ಮಾತಾಡಲು ನನಗೆ ಸಿಕ್ಕಿದ್ದು ಆ ಒಲೆ ಒಂದೇ. ಅದನ್ನು ಅವನಿಗೆ ಹೇಳಿದಾಗ ನನ್ನ ಗಂಟಲು ಹಿಡಿದುಕೊಂಡಿತು. ಫ್ಯಾನ್ ಮೂರಕ್ಕೆ ನಿಂತಿತು.

ಆಮೇಲೆ ನನಗೆ ಟೈಫಾಯ್ಡ್ ಬಂತು. ಊರಿನ ನೀರೆಲ್ಲಾ ಕುಡಿದಿದ್ದೆನಲ್ಲ! ನರ್ಸಿಂಗ್ ಹೋಮ್‌ನಲ್ಲಿ ನಾಲ್ಕು ದಿನ. ಒಬ್ಬನಿಗೆ ಜ್ವರ ಬಂದರೆ ಇಬ್ಬರದೂ ಕೆಲಸ ನಿಂತ ಹಾಗೆ, ಬಿಟ್ಟು ಹೋಗುವ ಹಾಗಿಲ್ಲವಲ್ಲ. ದೆಹಲಿಯವನು ಆ ನಾಲ್ಕು ದಿನವೂ ಬಿಳಿ ಶರ್ಟು, ಟೈ ಹಾಕಿಕೊಂಡೇ ಸ್ಟೂಲಿನ ಮೇಲೆ ಕೂತಿದ್ದ. ಮನೆಗೆ ಬಂದ ಮೇಲೆ ಗಂಜಿ ಮಾಡಲು ಹೋಗಿ ತಳ ಹಿಡಿಸಿದ. ಆ ಪಾತ್ರೆ ಕೊನೆಗೂ ಬಿಳಿಯಾಗಲಿಲ್ಲ. ನಿಯಮ ಇಲ್ಲದಿದ್ದರೂ ಅವನು ಕೂರುತ್ತಿದ್ದನಾ ಅಂತ ನಾನು ಕೇಳಿಲ್ಲ.

ಸೋಮವಾರ ನಮ್ಮ ಪಿ-ಡೇ, ಅಂದರೆ ಪ್ರಿಪರೇಷನ್ ಡೇ, ಸ್ವಂತ ಕೆಲಸಗಳ ದಿನ. ಬಟ್ಟೆ ಒಗೆಯುವುದು, ಸಾಮಾನು ತರುವುದು, ಸೈಬರ್ ಸೆಂಟರ್‌ನಲ್ಲಿ ಕೂತು ಮನೆಗೆ ಈಮೇಲ್ ಬರೆಯುವುದು. ಅಪ್ಪ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿ ನಾಲ್ಕು ಸಾಲು ಕಳಿಸುತ್ತಿದ್ದ. ಆಮೇಲೆ ಗೋದಾವರಿ ದಡ. ಮೇ ತಿಂಗಳ ಬಿಸಿಲಿಗೆ ಪುಷ್ಕರ ಘಾಟ್‌ನಲ್ಲಿ ಹುಡುಗರು ಮೆಟ್ಟಿಲಿಂದ ನೀರಿಗೆ ಹಾರುತ್ತಿದ್ದರು. ಮಿಷನರಿಗಳು ಈಜುವ ಹಾಗಿಲ್ಲ. ನಾವಿಬ್ಬರೂ ಮೇಲಿನ ಮೆಟ್ಟಿಲಲ್ಲಿ ಕೂತು ರೋಸ್ ಮಿಲ್ಕ್ ಕುಡಿಯುತ್ತಿದ್ದೆವು. ರಾಜಮಂಡ್ರಿಯ ರೋಸ್ ಮಿಲ್ಕ್ ಕುಡಿಯದವರ ಬಗ್ಗೆ ನನಗೆ ಈಗಲೂ ಕನಿಕರ. ತಿಂಗಳ ಮೊದಲ ಭಾನುವಾರ ಉಪವಾಸ, ಎರಡು ಹೊತ್ತು ಊಟವಿಲ್ಲ, ನೀರೂ ಇಲ್ಲ. ಮೇ ತಿಂಗಳಲ್ಲಿ ಆ ಭಾನುವಾರ ಬಂದರೆ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿದಾಗ ನನಗೆ ಕಾಣುತ್ತಿದ್ದದ್ದು ರೋಸ್ ಮಿಲ್ಕೇ. ದೇವರು ಕ್ಷಮಿಸಿರಬಹುದು.

ಮನೆಗೆ ಫೋನ್ ಮಾಡಲು ವರ್ಷಕ್ಕೆ ಎರಡೇ ದಿನ ಇತ್ತು, ಕ್ರಿಸ್‌ಮಸ್ ಮತ್ತು ಮೇ ತಿಂಗಳ ತಾಯಂದಿರ ದಿನ. 2017ರ ಕ್ರಿಸ್‌ಮಸ್‌ಗೆ ಅಮ್ಮ ಮೊದಲ ಹತ್ತು ನಿಮಿಷ ಬರೀ ಅತ್ತಳು. 2018ರ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಬಟನ್ ಫೋನ್ ಹೊಡೆದುಕೊಂಡಿತು. ನಮ್ಮ ಭಾಗದ ಮಿಷನರಿಗಳ ಮುಂದಾಳು, ಝೋನ್ ಲೀಡರ್, ಕಿರುಚುತ್ತಿದ್ದ. ಬೆಂಗಳೂರಿಗೆ ದೇವಾಲಯ ಕೊಟ್ಟಿದ್ದಾರೆ ಅಂತ, ಭಾರತಕ್ಕೇ ಮೊದಲನೆಯದು. ಆಗಷ್ಟೇ ಚರ್ಚಿನ ಅಧ್ಯಕ್ಷರಾಗಿದ್ದ ರಸೆಲ್ ನೆಲ್ಸನ್ ಅದನ್ನು ಘೋಷಿಸಿದ್ದರು. ಊರಿನ ಸುದ್ದಿ, ಮನೆಯವರ ಜೊತೆ ಕುಣಿಯಬೇಕು ಅನ್ನಿಸಿತು. ಫೋನ್ ಕೈಯಲ್ಲೇ ಇತ್ತು, ಮೇ ತಿಂಗಳು ಇನ್ನೂ ದೂರ ಇತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ನೆಲ್ಸನ್ ಅವರು 'ಮಾರ್ಮನ್' ಅನ್ನಬೇಡಿ, ಪೂರ್ತಿ ಹೆಸರು ಹೇಳಿ ಅಂದರು. ಪೂರ್ತಿ ಹೆಸರನ್ನು ತೆಲುಗಿನಲ್ಲಿ ಹೇಳುವಷ್ಟರಲ್ಲಿ ಆಟೋ ಹೊರಟುಹೋಗಿರುತ್ತಿತ್ತು. 2019ರ ಜನವರಿಯಿಂದ ಭಾನುವಾರದ ಮೂರು ಗಂಟೆಯ ಸಭೆ ಎರಡು ಗಂಟೆಗೆ ಇಳಿಯಿತು. ಇದಕ್ಕೆ ಮಾತ್ರ ಯಾರದೂ ತಕರಾರಿಲ್ಲ.

ಆ ಹೊತ್ತಿಗೆ ನಾನು ಹೈದರಾಬಾದ್‌ನಲ್ಲಿದ್ದೆ. ಅಲ್ಲಿನ ಹಳಬರಿಗೆ ಎಡ್ವಿನ್ ಧರ್ಮರಾಜು ಅವರ ಕಥೆ ಬಾಯಿಪಾಠ. ಹೈದರಾಬಾದ್‌ನವರು, ಸಮೋವಾದಲ್ಲಿ ಇದ್ದಾಗ ಈ ಚರ್ಚು ಸೇರಿ, 1978ರಲ್ಲಿ ಹೆಂಡತಿ ಎಲ್ಸಿ ಜೊತೆ ಮಿಷನರಿಯಾಗಿ ತಮ್ಮ ಊರಿಗೇ ಬಂದು, ತಮ್ಮ ನೆಂಟರಿಗೇ ಹೇಳಿದವರು. ನೆಂಟರ ಮುಂದೆ! ನನ್ನ ಅಜ್ಜಿಯನ್ನು ನೆನೆಸಿಕೊಂಡೆ. ಅಪರಿಚಿತರ ಬಾಗಿಲೇ ವಾಸಿ.

2019ರ ಫೆಬ್ರವರಿ 15ಕ್ಕೆ ನಿಯಮ ಬದಲಾಯಿತು. ಇನ್ನು ಮುಂದೆ ಪ್ರತಿ ವಾರ ಪಿ-ಡೇ ದಿನ ಮನೆಯವರ ಜೊತೆ ಫೋನಿನಲ್ಲಿ, ವಿಡಿಯೋದಲ್ಲಿ ಮಾತಾಡಬಹುದು. ಮುಂದಿನ ಸೋಮವಾರ ಚರ್ಚಿನವರೊಬ್ಬರ ಫೋನ್ ಎರವಲು ತೆಗೆದುಕೊಂಡು ವಿಡಿಯೋ ಕಾಲ್ ಮಾಡಿದೆ. ಅಮ್ಮನಿಗೆ ವಿಷಯ ಇನ್ನೂ ಗೊತ್ತಿರಲಿಲ್ಲ. ಏನೋ ಆಗಿದೆ ಅಂತಲೇ ಹೆದರಿ ಎತ್ತಿದಳು. ಸ್ಕ್ರೀನ್‌ನಲ್ಲಿ ಅವಳ ಅರ್ಧ ಹಣೆ, ಮೇಲೆ ಸೀಲಿಂಗ್. ಗಾಬರಿಯಲ್ಲಿ ನನ್ನ ಮನೆಯ ಹೆಸರು ಹಿಡಿದು ಕೂಗಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ, ನಾಚಿಕೆ. ಪಕ್ಕದಲ್ಲಿದ್ದ ಜೊತೆಗಾರ ಅದನ್ನು ಕೇಳಿಸಿಕೊಂಡು ತಿಂಗಳುಗಟ್ಟಲೆ ರೇಗಿಸಿದ. ಹಿಂದಿನಿಂದ ಅಜ್ಜಿ, "ಕಾಫಿ ಕುಡಿದ್ಯೇನೋ?" ಅಂದಳು. ಬೇಕು ಅಂತಲೇ.

ಜುಲೈಯಲ್ಲಿ ಮುಗಿಯಿತು. ಬೆಂಗಳೂರಿಗೆ ಬಂದು, ಸ್ಟೇಕ್ ಅಧ್ಯಕ್ಷರ, ಅಂದರೆ ಊರಿನ ನಮ್ಮ ಚರ್ಚುಗಳ ಮುಖ್ಯಸ್ಥರ, ಮುಂದೆ ಕೂತು, ಬ್ಯಾಡ್ಜ್ ತೆಗೆದೆ. ಎರಡು ವರ್ಷ ಪಿನ್ ಚುಚ್ಚಿದ ಜಾಗದಲ್ಲಿ ಶರ್ಟಿಗೆ ಸಣ್ಣ ತೂತಾಗಿತ್ತು. ಮೊದಲ ರಾತ್ರಿ ಒಬ್ಬನೇ ಮಲಗಿದೆ, ನಿದ್ದೆ ಬರಲಿಲ್ಲ. ಫ್ಯಾನ್ ಎಷ್ಟರಲ್ಲಿ ಇಡಬೇಕು ಅಂತ ಕೇಳಲು ಯಾರೂ ಇರಲಿಲ್ಲ. ಮೂರರಲ್ಲಿ ಇಟ್ಟೆ.

ಬೆಳಿಗ್ಗೆ ಅಮ್ಮ ಮೊಸರು ತರಲು ಹೇಳಿದಳು. ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತೆ. ನಿಂತೇ ಇದ್ದೆ.

"ಯಾರಿಗೋ ಕಾಯ್ತಿದ್ದೀಯಾ?" ಅಜ್ಜಿ ಕೇಳಿದಳು.

"ಯಾರಿಗೂ ಇಲ್ಲ" ಅಂದು ಇಳಿದೆ. ರಸ್ತೆಯಲ್ಲಿ ಎರಡು ಸಲ ಎಡಕ್ಕೆ ತಿರುಗಿ ನೋಡಿದೆ. ಅಂಗಡಿಗೆ ಹೋದಾಗ ಬಾಯಿಗೆ ಬಂದದ್ದು, "ಅಣ್ಣಾ, ಪೆರುಗು ಪ್ಯಾಕೆಟ್ ಒಕಟಿ." ತಪ್ಪಾಯಿತು ಅಂತ ನಾಲಿಗೆ ಕಚ್ಚಿಕೊಂಡೆ. ಅವನು ತಲೆಯೂ ಎತ್ತಲಿಲ್ಲ. ನಂದಿನಿ ಪ್ಯಾಕೆಟ್ ಮುಂದಕ್ಕಿಟ್ಟು, "ಚಿಲ್ಲರ ಉಂದಾ?" ಅಂದ.